ನಂಜೇರಿದಾಗ ಗಡಿಯಾರ ನೋಡಿ: ಸೆಪ್ಸಿಸ್ ಕುರಿತು ಉತ್ತರ ಕನ್ನಡದ ಮನೆಗಳಿಗೊಂದು ಮಾರ್ಗದರ್ಶಿ

ಆಷಾಢದ ಮಳೆ ಹಿಡಿದುಕೊಂಡಿದ್ದ ಒಂದು ಸಂಜೆ ಶಿರಸಿ ಸಮೀಪದ ತವರಿಗೆ ಹೋಗಿದ್ದೆ. ಚಿಕ್ಕಪ್ಪ ಜಗುಲಿಯ ಮೂಲೆಯಲ್ಲಿ ಕಂಬಳಿ ಹೊದ್ದು ಮಲಗಿದ್ದರು. ನಾಲ್ಕು ದಿನದ ಹಿಂದೆ ತೋಟದಲ್ಲಿ ಬಿದಿರಿನ ಸಿಬಿರು ಅಂಗಾಲಿಗೆ ಹೊಕ್ಕಿತ್ತು. ಚಿಕ್ಕಮ್ಮ ಅದನ್ನು ಕಿತ್ತು, ಅರಿಶಿನ ಅರೆದು ಕಟ್ಟಿದ್ದರು. ಸಕ್ಕರೆ ಕಾಯಿಲೆ ಹಳೆಯದು, ಹಾಗಾಗಿ ಕಾಲಿನಲ್ಲಿ ನೋವು ಅಷ್ಟಾಗಿ ತಿಳಿಯುತ್ತಿರಲಿಲ್ಲ. ನಾನು ಥರ್ಮಾಮೀಟರ್ ಇಟ್ಟು ನೋಡಿದೆ. 97 ಇತ್ತು. "ಜ್ವರವೇನೂ ಇಲ್ಲ" ಎಂದು ಚಿಕ್ಕಮ್ಮನಿಗೆ ಹೇಳಿದವಳು ನಾನೇ. ಇಪ್ಪತ್ತು ವರ್ಷ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯಾಗಿ ದುಡಿದವಳು.

ಅಷ್ಟರಲ್ಲಿ ಚಿಕ್ಕಪ್ಪ ಕಣ್ಣು ಬಿಟ್ಟು, "ತಂಗೀ, ಕೊನೆಗೌಡ ಬಂದನೇ? ಮಳೆ ಬಿಟ್ಟು ಹೊಳವಾಗಿದೆ, ಔಷಧಿ ಹೊಡೆಸಬೇಕು" ಎಂದರು. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು. ಅಡಿಕೆ ಮರ ಹತ್ತುವ ಕೊನೆಗೌಡ ಬಂದು ಕೊಳೆರೋಗದ ಔಷಧಿ ಹೊಡೆದು ಹೋಗಿ ಮೂರು ದಿನವಾಗಿತ್ತು. ಐದು ನಿಮಿಷ ಬಿಟ್ಟು ಮತ್ತೆ ಅದೇ ಮಾತು ಕೇಳಿದರು. ಆಗ ಅವರ ಕೈ ಹಿಡಿದೆ. ಬೆರಳುಗಳು ಬಾವಿಯ ನೀರಿನಷ್ಟು ತಣ್ಣಗಿದ್ದವು. ಕಂಬಳಿ ಸರಿಸಿ, ಗೋಡೆಯ ಗಡಿಯಾರ ನೋಡುತ್ತ ಉಸಿರು ಎಣಿಸಿದೆ. ಒಂದು ನಿಮಿಷಕ್ಕೆ 28. ಮೂತ್ರಕ್ಕೆ ಎದ್ದಿದ್ದರೇ ಎಂದು ಕೇಳಿದಾಗ ಚಿಕ್ಕಮ್ಮ ಯೋಚಿಸಿ, "ಬೆಳಿಗ್ಗೆಯಿಂದ ಎದ್ದಂತೆ ಕಾಣೆ" ಎಂದರು.

ನಾನು ಥರ್ಮಾಮೀಟರಿನಲ್ಲಿ ನೋಡಿ ಬಿಟ್ಟುಬಿಟ್ಟಿದ್ದ ಸಂಗತಿಯ ಹೆಸರು ಸೆಪ್ಸಿಸ್. ಅದನ್ನು ಮನೆಯಲ್ಲೇ ಹೇಗೆ ಅನುಮಾನಿಸಬೇಕು, ಅನುಮಾನ ಬಂದ ಮೇಲೆ ಏನೇನು ಮಾಡಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರಿಗೂ ದೊಡ್ಡಾಸ್ಪತ್ರೆಗೂ ನಡುವೆ ಒಂದು ಘಟ್ಟವೋ ಹೊಳೆಯೋ ಇರುವ ನಮ್ಮಂಥ ಜಿಲ್ಲೆಯಲ್ಲಿ ಅರ್ಧ ಚಿಕಿತ್ಸೆ ಜಗುಲಿಯಲ್ಲಿ ತೆಗೆದುಕೊಳ್ಳುವ ನಿರ್ಧಾರದಲ್ಲೇ ಇದೆ.

ನಂಜು ಎಂಬ ಮಾತು ಮತ್ತು ಸೆಪ್ಸಿಸ್

ನಮ್ಮ ಭಾಷೆಯಲ್ಲಿ ನಂಜು ಎಂಬ ಒಂದೇ ಮಾತಿಗೆ ಹಲವು ಅರ್ಥ. ಗಾಯ ಕೀವಾದರೂ ನಂಜು, ಹಾವಿನ ವಿಷವೂ ನಂಜು, ಬದನೆಕಾಯಿಯೂ ನಂಜಿನ ಪದಾರ್ಥ. ಹೀಗಾಗಿ "ನಂಜಾಗಿದೆ" ಎಂದಾಗ ಮನೆಯವರು ಬದನೆಕಾಯಿ ಬಿಡಿಸಿ, ಸೊಪ್ಪಿನ ರಸ ಹಚ್ಚಿ, ಎರಡು ದಿನ ಕಾಯುತ್ತಾರೆ. ಆ ಎರಡು ದಿನಗಳೇ ದುಬಾರಿ.

ಸೆಪ್ಸಿಸ್ ಎಂದರೆ ರಕ್ತದಲ್ಲಿ ವಿಷ ಸೇರಿದ್ದು ಎಂದು ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ದೇಹದ ಎಲ್ಲೋ ಒಂದು ಕಡೆ ಸೋಂಕು ಇರುತ್ತದೆ: ಕಾಲಿನ ಗಾಯ, ಶ್ವಾಸಕೋಶ, ಮೂತ್ರಕೋಶ, ಹೊಟ್ಟೆ. ಅದನ್ನು ಎದುರಿಸಲು ಹೊರಟ ದೇಹದ ರಕ್ಷಣಾ ವ್ಯವಸ್ಥೆಯೇ ಹದ ತಪ್ಪಿ ತನ್ನ ಅಂಗಾಂಗಗಳಿಗೆ ಹಾನಿ ಮಾಡತೊಡಗುತ್ತದೆ. 2016ರಲ್ಲಿ ತಜ್ಞರು ಒಪ್ಪಿಕೊಂಡ ವ್ಯಾಖ್ಯೆಯ ಸಾರ ಇದೇ. ರಕ್ತನಾಳಗಳು ಸಡಿಲಗೊಂಡು ಸೋರುತ್ತವೆ, ರಕ್ತದೊತ್ತಡ ಕುಸಿಯುತ್ತದೆ, ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಮೂತ್ರಪಿಂಡಕ್ಕೂ ಮಿದುಳಿಗೂ ಸಿಗಬೇಕಾದ ಆಮ್ಲಜನಕ ಸಿಗುವುದಿಲ್ಲ. ಸಲೈನ್ ಹಾಕಿದ ಮೇಲೂ ಒತ್ತಡ ಮೇಲೇಳದೆ, ಅದನ್ನು ಎತ್ತಿಹಿಡಿಯಲು ಔಷಧಿ ಬೇಕಾದರೆ ಅದು ಸೆಪ್ಟಿಕ್ ಶಾಕ್.

ಇದು ಅಪರೂಪದ ಕಾಯಿಲೆಯಲ್ಲ. 2017ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 4 ಕೋಟಿ 89 ಲಕ್ಷ ಮಂದಿಗೆ ಸೆಪ್ಸಿಸ್ ಆಗಿ, 1 ಕೋಟಿ 10 ಲಕ್ಷ ಮಂದಿ ತೀರಿಕೊಂಡರು ಎಂಬ ಅಂದಾಜಿದೆ. ಆ ವರ್ಷದ ಸಾವುಗಳಲ್ಲಿ ಐದಕ್ಕೊಂದು. ಆದರೂ ನಮ್ಮೂರಿನಲ್ಲಿ ಮರಣದ ಕಾರಣ ಹೇಳುವಾಗ "ನ್ಯುಮೋನಿಯಾ ಆಗಿತ್ತು", "ಕಿಡ್ನಿ ಕೈಕೊಟ್ಟಿತು" ಎನ್ನುತ್ತಾರೆ. ನಡುವೆ ನಡೆದದ್ದಕ್ಕೆ ಹೆಸರೇ ಇರುವುದಿಲ್ಲ. ಇನ್ನೊಂದು ಮಾತು: ಸೆಪ್ಸಿಸ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ರೋಗಿಯ ಕೈ ಹಿಡಿದು ಪಕ್ಕದಲ್ಲಿ ಕುಳಿತುಕೊಳ್ಳಲು ಹೆದರಬೇಡಿ.

ಮೊದಲ ಹಂತ: ಸೋಂಕು ಎಲ್ಲಿಂದ ಬಂದಿರಬಹುದು ಎಂದು ನೆನಪಿಸಿಕೊಳ್ಳಿ

ನ್ಯುಮೋನಿಯಾ, ಮೂತ್ರದ ಸೋಂಕು, ಹೊಟ್ಟೆಯೊಳಗಿನ ಸೋಂಕು, ಚರ್ಮದ ಗಾಯ, ಇವು ಎಲ್ಲೆಡೆ ಇರುವಂಥವು. ಅವುಗಳ ಜೊತೆಗೆ ನಮ್ಮ ನೆಲದವೇ ಆದ ಕೆಲವಿವೆ. ಇವುಗಳ ಸುಳಿವು ವೈದ್ಯರಿಗೆ ಸಿಗುವುದು ನಿಮ್ಮ ಬಾಯಿಂದ ಮಾತ್ರ.

ಮಳೆಗಾಲದಲ್ಲಿ ಗದ್ದೆ ನಾಟಿ ಮಾಡಿದವರಿಗೆ, ತೋಟದ ಕಾಲುವೆ ಬಿಡಿಸಿದವರಿಗೆ ಇಲಿ ಜ್ವರ ಬರಬಹುದು. ಇಲಿಯ ಮೂತ್ರ ಸೇರಿದ ನೀರಿನಿಂದ, ಕಾಲಿನ ಸಣ್ಣ ಬಿರುಕಿನ ಮೂಲಕವೂ ರೋಗಾಣು ಒಳಸೇರುತ್ತದೆ. ಮೀನಖಂಡದಲ್ಲಿ ತಡೆಯಲಾರದ ನೋವು, ಕಣ್ಣು ಕೆಂಪಾಗುವುದು, ಆಮೇಲೆ ಹಳದಿಯಾಗುವುದು ಅದರ ಲಕ್ಷಣಗಳು. ಪೊದೆ, ಹುಲ್ಲಿನಲ್ಲಿ ಓಡಾಡಿದವರಿಗೆ ಸಣ್ಣ ನುಸಿಮರಿಗಳ ಕಡಿತದಿಂದ ಸ್ಕ್ರಬ್ ಟೈಫಸ್ ತಗಲುತ್ತದೆ. ಕಂಕುಳು, ತೊಡೆಸಂದು, ಸೊಂಟದ ಸುತ್ತ ಸಿಗರೇಟಿನಿಂದ ಸುಟ್ಟಂತೆ ಒಂದು ಕಪ್ಪು ಹಕ್ಕಳೆ ಇದೆಯೇ ಎಂದು ಬಟ್ಟೆ ಸರಿಸಿ ನೋಡಲೇಬೇಕು. ಸೆಪ್ಸಿಸ್‌ಗೆ ಸಾಮಾನ್ಯವಾಗಿ ಕೊಡುವ ಹಲವು ಇಂಜೆಕ್ಷನ್‌ಗಳು ಇದಕ್ಕೆ ನಾಟುವುದಿಲ್ಲ, ಡಾಕ್ಸಿಸೈಕ್ಲಿನ್‌ನಂಥ ಬೇರೆ ಔಷಧಿಯೇ ಬೇಕು. ಆ ಕಪ್ಪು ಚುಕ್ಕೆಯನ್ನು ತೋರಿಸಿದರೆ ಒಂದು ದಿನ ಉಳಿದೀತು.

ಕರಾವಳಿಯ ಮಣ್ಣಿನಲ್ಲಿ ಮೆಲಿಯಾಯ್ಡೋಸಿಸ್ ಎಂಬ ರೋಗದ ಬ್ಯಾಕ್ಟೀರಿಯಾ ಇರುತ್ತದೆ. ಮಳೆಗಾಲದಲ್ಲಿ ಕೆಸರಿನಲ್ಲಿ ಕೆಲಸ ಮಾಡುವ ಸಕ್ಕರೆ ಕಾಯಿಲೆಯವರನ್ನು ಅದು ಹೆಚ್ಚಾಗಿ ಹಿಡಿಯುತ್ತದೆ. ಅಘನಾಶಿನಿ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಆರಿಸುವವರು, ಕಾರವಾರ, ಅಂಕೋಲಾ ಕಡೆ ಬಲೆ ಎಳೆಯುವವರು ಚಿಪ್ಪು ತಾಗಿದ, ಮೀನಿನ ಮುಳ್ಳು ಚುಚ್ಚಿದ ಗಾಯವನ್ನು ಗಾಯವೆಂದೇ ಎಣಿಸುವುದಿಲ್ಲ. ಉಪ್ಪುನೀರಿನ ಕೆಲವು ಬ್ಯಾಕ್ಟೀರಿಯಾಗಳು, ಅದರಲ್ಲೂ ಯಕೃತ್ತಿನ ತೊಂದರೆ ಇರುವವರಲ್ಲಿ, ಕೆಲವೇ ಗಂಟೆಗಳಲ್ಲಿ ಗಾಯದ ಸುತ್ತ ಊತ ಏರಿಸಿ, ಬೊಬ್ಬೆ ಎಬ್ಬಿಸಿ ಇಡೀ ದೇಹಕ್ಕೆ ಹಬ್ಬುತ್ತವೆ. ಸಿದ್ದಾಪುರ, ಹೊನ್ನಾವರದ ಕಾಡಿನಂಚಿನವರಾದರೆ ಬೇಸಿಗೆಯ ಜ್ವರದಲ್ಲಿ ಉಣ್ಣಿ ಕಡಿದದ್ದನ್ನು, ಮಂಗ ಸತ್ತುಬಿದ್ದದ್ದನ್ನು ಹೇಳಲು ಮರೆಯಬೇಡಿ. ಮಂಗನ ಕಾಯಿಲೆ ವೈರಸ್‌ನಿಂದ ಬರುವಂಥದು. ವೈರಸ್‌ಗಳಿಂದಲೂ ಸೆಪ್ಸಿಸ್ ಆಗಬಲ್ಲದು.

ಎರಡನೆಯ ಹಂತ: ಹತ್ತು ನಿಮಿಷ ರೋಗಿಯ ಪಕ್ಕ ಕುಳಿತು ನೋಡಿ

ಬೇಕಾದದ್ದು ಸೆಕೆಂಡಿನ ಮುಳ್ಳಿರುವ ಗಡಿಯಾರ ಅಥವಾ ಮೊಬೈಲ್, ಬೆಳಕು ಮತ್ತು ನಿಮ್ಮ ಎರಡು ಕೈಗಳು.

ಮೊದಲು ಮಾತು. ಇವತ್ತು ಯಾವ ವಾರ, ಮಧ್ಯಾಹ್ನ ಏನು ಊಟ ಮಾಡಿದಿರಿ, ಎದುರಿಗಿರುವವರು ಯಾರು ಎಂದು ಕೇಳಿ. ತಡವರಿಸಿದರೆ, ಅಸಂಬದ್ಧ ಆಡಿದರೆ, ಕೇಳುತ್ತಿರುವಾಗಲೇ ನಿದ್ದೆಗೆ ಜಾರಿದರೆ ಅದು ದೊಡ್ಡ ಎಚ್ಚರಿಕೆ. ವಯಸ್ಸಾದವರ ವಿಷಯದಲ್ಲಿ ಇದನ್ನು "ಅರಳುಮರಳು" ಎಂದು ತಳ್ಳಿಹಾಕುತ್ತೇವೆ. ಅರಳುಮರಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ನಿನ್ನೆ ಪಂಚಾಂಗ ನೋಡಿ ತಿಥಿ ಹೇಳಿದವರು ಇವತ್ತು ಮಗನ ಹೆಸರು ಮರೆತರೆ ಅದು ಬೇರೆಯೇ.

ಆಮೇಲೆ ಉಸಿರು. ಹೊಟ್ಟೆಯ ಮೇಲೆ ಕೈ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪಾಗುತ್ತದೆ. ಸುಮ್ಮನೆ ಮಲಗಿರುವ ದೊಡ್ಡವರಲ್ಲಿ 12ರಿಂದ 20 ಸಹಜ. 22 ಅಥವಾ ಹೆಚ್ಚಿದ್ದರೆ ಅನುಮಾನಿಸಿ. ಆಸ್ಪತ್ರೆಗಳಲ್ಲೂ ಹೆಚ್ಚಾಗಿ ಎಣಿಸದೆ ಬಿಟ್ಟುಹೋಗುವ ಅಂಕಿ ಇದು, ಎಲ್ಲಕ್ಕಿಂತ ಮೊದಲು ಏರುವ ಅಂಕಿಗಳಲ್ಲಿ ಒಂದೂ ಹೌದು.

ಕೈಕಾಲು ಮುಟ್ಟಿ. ಮೈ ಬಿಸಿ, ಕೈಕಾಲು ತಣ್ಣಗೆ ಎಂದಿದ್ದರೆ ಒಳ್ಳೆಯ ಲಕ್ಷಣವಲ್ಲ. ಬೆರಳ ತುದಿಯನ್ನು ಐದು ಸೆಕೆಂಡು ಗಟ್ಟಿಯಾಗಿ ಒತ್ತಿ ಬಿಡಿ. ಬಿಳಿಚಿದ ಜಾಗಕ್ಕೆ ಬಣ್ಣ ಮರಳಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ರಕ್ತ ತುದಿಯವರೆಗೆ ಸರಿಯಾಗಿ ಹರಿಯುತ್ತಿಲ್ಲ. ಮೊಣಕಾಲಿನ ಸುತ್ತ ಚರ್ಮ ಬಲೆಬಲೆಯಾಗಿ ನೀಲಿಗಟ್ಟಿದೆಯೇ ನೋಡಿ. ನಮ್ಮ ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಇದು ಸುಲಭವಾಗಿ ಕಾಣದು. ಹಾಗಾಗಿ ತುಟಿ, ನಾಲಿಗೆ, ಅಂಗೈ, ಅಂಗಾಲುಗಳನ್ನು ನೋಡಿ.

ಮೂತ್ರ ಯಾವಾಗ ಆಯಿತು, ಎಷ್ಟು, ಯಾವ ಬಣ್ಣ ಎಂದು ಕೇಳಿ. ಬೆಳಗಿನಿಂದ ಸಂಜೆಯವರೆಗೆ ಆಗಿಲ್ಲವೆಂದರೆ ತಡಮಾಡುವಂತಿಲ್ಲ. ನಾಡಿ ಕೂತಲ್ಲೇ 100 ದಾಟಿದೆಯೇ ಎಣಿಸಿ. ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಇದ್ದರೆ ಬೆರಳನ್ನು ಉಜ್ಜಿ ಬೆಚ್ಚಗೆ ಮಾಡಿ ಹಾಕಿ. 94ಕ್ಕಿಂತ ಕೆಳಗೆ ಇರಬಾರದು. ರಕ್ತದೊತ್ತಡದ ಮೇಲಿನ ಅಂಕಿ 100 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಪಾಯ. ಸದಾ 160 ಇರುವವರಿಗೆ 115 ಬಂದರೆ "ಬಿಪಿ ಚೆನ್ನಾಗಿದೆ" ಎಂದು ಖುಷಿಪಡಬೇಡಿ, ಅವರ ಮಟ್ಟಿಗೆ ಅದು ಕುಸಿತ. ಸಕ್ಕರೆ ಕಾಯಿಲೆಯವರಾದರೆ ಗ್ಲುಕೋಮೀಟರಿನಲ್ಲೂ ಒಮ್ಮೆ ನೋಡಿ, ಸಕ್ಕರೆ ಇಳಿದಾಗಲೂ ಮಾತು ತಪ್ಪುತ್ತದೆ.

ಜ್ವರವನ್ನು ಕೊನೆಯಲ್ಲಿ ಹೇಳುತ್ತಿರುವುದು ಬೇಕೆಂದೇ. ಜ್ವರ ಇರಬಹುದು, ಇಲ್ಲದಿರಬಹುದು. ವಯಸ್ಸಾದವರಲ್ಲಿ, ಎಳೆಯ ಶಿಶುಗಳಲ್ಲಿ ಮೈ ತಣ್ಣಗಾಗುವುದೇ ಉಂಟು. 96.8 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಅದು 103ಕ್ಕಿಂತಲೂ ಹೆದರಿಸಬೇಕು. ಎರಡು ಗಂಟೆ ಮೊದಲು ಪ್ಯಾರಾಸಿಟಮಾಲ್ ನುಂಗಿದ್ದರೆ ಥರ್ಮಾಮೀಟರಿನ ಅಂಕಿಗೆ ಬೆಲೆಯೇ ಇಲ್ಲ.

ಸೋಂಕಿನ ಸುಳಿವಿದ್ದು, ಇವುಗಳಲ್ಲಿ ಎರಡು ಕಂಡರೆ ಹೊರಡಿ. ಮಾತು ತಪ್ಪುವುದು, ಉಸಿರು ಕಟ್ಟುವುದು, ಮೈ ನೀಲಿಗಟ್ಟುವುದು, ಇವುಗಳಲ್ಲಿ ಯಾವುದಾದರೂ ಒಂದಿದ್ದರೂ ಸಾಕು. ರೋಗಿಯೇ "ಇಷ್ಟು ಸಂಕಟ ಜೀವಮಾನದಲ್ಲಿ ಆಗಿಲ್ಲ" ಎಂದರೆ ಆ ಮಾತನ್ನು ನಂಬಿ.

ಮಕ್ಕಳು ಮತ್ತು ಬಾಣಂತಿಯರು

ಎಳೆಗೂಸು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಅಳು ಕ್ಷೀಣವಾದರೆ, ಮೈ ತಣ್ಣಗಾದರೆ, ಉಸಿರಾಡುವಾಗ ಎದೆಯ ಕೆಳಭಾಗ ಒಳಗೆ ಹೋಗುತ್ತಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಹೆಚ್ಚು ಉಸಿರು ಎಂದರೆ ಅದು ವೇಗದ ಉಸಿರು.

ಬಾಣಂತಿ ಸನ್ನಿ ಎಂಬ ಮಾತನ್ನು ಹಳಬರು ಕೇಳಿರುತ್ತಾರೆ. ಹೆರಿಗೆಯಾದ ಮೇಲೆ ಜ್ವರ ಬಂದು ಬಡಬಡಿಸುವುದಕ್ಕೆ ಹಾಗೆನ್ನುತ್ತಿದ್ದರು. ಗಾಳಿ ಸೋಕಿತು, ಶೀತವಾಯಿತು ಎಂದು ಕಿವಿಗೆ ಹತ್ತಿ ತುರುಕಿ, ಬಾಗಿಲು ಹಾಕಿ ಕೂರಿಸುತ್ತಿದ್ದರು. ಅಂಥ ಜ್ವರದ ಹಿಂದೆ ಗರ್ಭಕೋಶದ ಸೋಂಕು ಇರಬಹುದು. ಹೆರಿಗೆಯ, ಗರ್ಭಪಾತದ ನಂತರದ ಆರು ವಾರಗಳಲ್ಲಿ ಜ್ವರ, ಕೆಳಹೊಟ್ಟೆ ನೋವು, ದುರ್ವಾಸನೆಯ ಸ್ರಾವ, ಎದೆ ಡವಡವ ಎನ್ನುವುದು ಕಂಡರೆ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತವರಿನಲ್ಲಿ ಬಾಣಂತನಕ್ಕೆ ಕೂತ ಹೆಣ್ಣುಮಗಳು ಸಂಕೋಚದಿಂದ ಹೇಳುವುದಿಲ್ಲ. ತಾಯಿಯೇ ಕೇಳಬೇಕು.

ಮೂರನೆಯ ಹಂತ: ಮನೆಯಲ್ಲಿ ಮಾಡಬಾರದ್ದು

ಹಳೆಯ ಚೀಟಿಯ ಆ್ಯಂಟಿಬಯೋಟಿಕ್ ಮಾತ್ರೆ ಹುಡುಕಿ ಕೊಡಬೇಡಿ. ಗಾಯಕ್ಕೆ ಸುಣ್ಣ, ಸಗಣಿ, ಕಾಫಿಪುಡಿ ಮೆತ್ತಬೇಡಿ, ಕೀವನ್ನು ಹಿಚುಕಬೇಡಿ. ಒತ್ತಡ ಕುಸಿದಂತೆ ಕಂಡರೆ ದಿನನಿತ್ಯದ ಬಿಪಿ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಿಸಬೇಡಿ. ಮಂಪರಿನಲ್ಲಿರುವವರ ಬಾಯಿಗೆ ಗಂಜಿ, ಕಷಾಯ ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. "ಒಂದು ಇಂಜೆಕ್ಷನ್ ಹಾಕಿಸಿ ನೋಡೋಣ" ಎಂದು ಪೇಟೆಯ ಕ್ಲಿನಿಕ್ಕಿಗೆ ಹೋಗಿ ರಾತ್ರಿ ಮನೆಗೆ ಮರಳುವುದೂ ಬೇಡ.

ನಾಲ್ಕನೆಯ ಹಂತ: ಹೊರಡುವುದು

108ಕ್ಕೆ ಕರೆ ಮಾಡಿ, ಈ ಆಂಬುಲೆನ್ಸ್ ಸೇವೆ ಉಚಿತ. ಜೊಯಿಡಾ, ಯಲ್ಲಾಪುರದ ಒಳಗಿನ ಊರುಗಳಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಯಾವುದೋ ಒಂದು ಗುಡ್ಡದ ತಿರುವಿನಲ್ಲಿ. ಆ ಜಾಗಕ್ಕೆ ಒಬ್ಬರನ್ನು ಕಳಿಸಿ, ಇನ್ನೊಬ್ಬರು ಊರಿನ ಜೀಪು ಸಿದ್ಧಮಾಡಲಿ. ಆಂಬುಲೆನ್ಸ್ ಮುಕ್ಕಾಲು ಗಂಟೆ ದೂರದಲ್ಲಿದ್ದರೆ ಜೀಪಿನಲ್ಲಿ ಹೊರಟು ದಾರಿಯಲ್ಲಿ ಕೂಡಿಕೊಳ್ಳುವುದು ಒಳ್ಳೆಯದು. ಒತ್ತಡ ಕಡಿಮೆಯಿದ್ದವರನ್ನು ಬೈಕಿನ ನಡುವೆ ಕೂರಿಸಿಕೊಂಡು ಹೋಗಬೇಡಿ. ಮಲಗಿಸಿ. ಏದುಸಿರಿದ್ದರೆ ದಿಂಬು ಕೊಟ್ಟು ಎತ್ತರಿಸಿ. ವಾಂತಿ ಬರುತ್ತಿದ್ದರೆ ಎಡಮಗ್ಗುಲಿಗೆ ತಿರುಗಿಸಿ.

ಮಳೆಗಾಲದಲ್ಲಿ ದಾರಿ ವಿಚಾರಿಸದೆ ಹೊರಡಬಾರದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋದದ್ದು, ಮರುತಿಂಗಳೇ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿದದ್ದು ನಮಗೆಲ್ಲ ನೆನಪಿದೆ. ದೇವಿಮನೆ, ಅರಬೈಲು, ಅಣಶಿ ಘಟ್ಟಗಳಲ್ಲಿ ಒಂದು ಮರ ಬಿದ್ದರೂ ಎರಡು ಗಂಟೆ ಹೋಗುತ್ತದೆ.

ಆದ್ದರಿಂದಲೇ ನನ್ನ ಒತ್ತಾಯ: ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಎಂದು ನೇರ ಓಡಬೇಡಿ. ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ, ಕಾರವಾರದವರಾದರೆ ಅಲ್ಲಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಿ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ. ಆ ದಾರಿಯನ್ನು ಸಲೈನ್ ಇಲ್ಲದೆ, ಮೊದಲ ಡೋಸ್ ಆ್ಯಂಟಿಬಯೋಟಿಕ್ ಇಲ್ಲದೆ ಕಳೆಯುವುದಕ್ಕೂ, ಎರಡನ್ನೂ ಪಡೆದು ಕಳೆಯುವುದಕ್ಕೂ ಅಜಗಜಾಂತರ. ಮುಂದೆ ಕಳಿಸುತ್ತೇವೆ ಎಂದು ವೈದ್ಯರು ಹೇಳಿದರೆ, "ಕಳಿಸುವ ಮೊದಲು ಸಲೈನ್, ಆ್ಯಂಟಿಬಯೋಟಿಕ್ ಶುರು ಮಾಡಬಹುದೇ? ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ ಹಾಸಿಗೆ ಇದೆಯೇ ಕೇಳುವಿರಾ?" ಎಂದು ವಿನಯದಿಂದ ಕೇಳಿ. ಯಾವ ಔಷಧಿ ಎಷ್ಟು ಗಂಟೆಗೆ ಕೊಟ್ಟರು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಜೊತೆಗೆ ಒಯ್ಯಬೇಕಾದದ್ದು: ನುಂಗುತ್ತಿರುವ ಮಾತ್ರೆಗಳೆಲ್ಲ ಇರುವ ಡಬ್ಬಿ, ಹಳೆಯ ವರದಿಗಳು, ಯಾವ ಔಷಧಿ ಒಗ್ಗುವುದಿಲ್ಲ ಎಂಬ ವಿವರ, ಆಧಾರ್, ಪಡಿತರ ಚೀಟಿ, ಆಯುಷ್ಮಾನ್ ಕಾರ್ಡ್. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಸೌಲಭ್ಯವಿದೆ.

ಆಸ್ಪತ್ರೆಯ ಬಾಗಿಲಲ್ಲಿ "ಜ್ವರ, ಸುಸ್ತು" ಎಂದರೆ ಸಾಲಿನಲ್ಲಿ ಕೂರಿಸಬಹುದು. ಹೀಗೆ ಹೇಳಿ: "ಕಾಲಿನಲ್ಲಿ ನಂಜಾದ ಗಾಯವಿದೆ. ಮಧ್ಯಾಹ್ನದಿಂದ ಮಾತು ತಪ್ಪುತ್ತಿದೆ. ಉಸಿರು ನಿಮಿಷಕ್ಕೆ 28. ಬೆಳಗಿನಿಂದ ಮೂತ್ರವಿಲ್ಲ. ಇದು ಸೆಪ್ಸಿಸ್ ಆಗಿರಬಹುದೇ?" ನಾನು ಆ ರಾತ್ರಿ ಹೇಳಿದ್ದು ಇಷ್ಟೇ. ಸಾಲಿನಲ್ಲಿ ನಿಲ್ಲಬೇಕಾಗಲಿಲ್ಲ.

ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ

ತಿಳಿದಿದ್ದರೆ ಗಾಬರಿ ಕಡಿಮೆ. ಆ್ಯಂಟಿಬಯೋಟಿಕ್ ಕೊಡುವ ಮೊದಲು, ತಡವಾಗದಂತೆ, ಕಲ್ಚರ್‌ಗೆ, ಅಂದರೆ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ, ರಕ್ತ ತೆಗೆಯುತ್ತಾರೆ. ಲ್ಯಾಕ್ಟೇಟ್ ಎಂಬ ಪರೀಕ್ಷೆ ಅಂಗಾಂಶಗಳಿಗೆ ಆಮ್ಲಜನಕ ಸಾಲುತ್ತಿದೆಯೇ ಎಂಬ ಸುಳಿವು ಕೊಡುತ್ತದೆ. ಸೆಪ್ಟಿಕ್ ಶಾಕ್ ಅನುಮಾನವಿದ್ದರೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಕೊಡಬೇಕು ಎಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಒತ್ತಡ ಕುಸಿದಿದ್ದರೆ ಮೊದಲ ಮೂರು ಗಂಟೆಗಳಲ್ಲಿ ಕಿಲೋ ತೂಕಕ್ಕೆ 30 ಮಿ.ಲೀ.ನಂತೆ, ಅಂದರೆ 60 ಕಿಲೋದವರಿಗೆ ಸುಮಾರು 1.8 ಲೀಟರ್ ದ್ರವ. ಮೂತ್ರಕ್ಕೆ ನಳಿಕೆ ಹಾಕುವುದು ಗಂಟೆಗಂಟೆಗೆ ಅಳೆಯಲಿಕ್ಕೆ. ಕೀವು ತುಂಬಿದ್ದರೆ ಕೊಯ್ದು ಹೊರತೆಗೆಯಲೇಬೇಕು. ಮೂಲ ಹಾಗೇ ಉಳಿದರೆ ಎಷ್ಟು ದುಬಾರಿ ಔಷಧಿ ಕೊಟ್ಟರೂ ನಾಟುವುದಿಲ್ಲ. ಚಿಕ್ಕಪ್ಪನ ಕಾಲಿನ ಎರಡು ಬೆರಳು ತೆಗೆಯಬೇಕೆಂದಾಗ ಮನೆಯವರು ಒಪ್ಪಲು ಅರ್ಧ ದಿನ ಮಾಡಿದರು. ಆ ಅರ್ಧ ದಿನದ ಬಗ್ಗೆ ನನಗೆ ಈಗಲೂ ಬೇಸರವಿದೆ.

ಕಲ್ಚರ್ ವರದಿ ಬರಲು ಎರಡು ಮೂರು ದಿನ ಬೇಕು. ಬಂದ ಮೇಲೆ ಔಷಧಿ ಬದಲಿಸಿದರೆ "ಮೊದಲು ಕೊಟ್ಟದ್ದು ತಪ್ಪಿತ್ತೇ" ಎಂದು ಜಗಳ ತೆಗೆಯಬೇಡಿ. ಮೊದಲು ಎಲ್ಲಕ್ಕೂ ಹೊಂದುವ ಔಷಧಿ, ಆಮೇಲೆ ಗುರುತು ಸಿಕ್ಕ ರೋಗಾಣುವಿಗೆ ತಕ್ಕ ಔಷಧಿ, ಕ್ರಮವೇ ಹಾಗೆ.

ಮನೆಗೆ ಬಂದ ಮೇಲೆ

ಚಿಕ್ಕಪ್ಪ ಒಂಬತ್ತು ದಿನ ಐಸಿಯುನಲ್ಲಿದ್ದು ಬಂದರು. ಆಮೇಲಿನ ನಾಲ್ಕು ತಿಂಗಳಿಗೆ ನಮ್ಮನ್ನು ಯಾರೂ ಸಿದ್ಧಗೊಳಿಸಿರಲಿಲ್ಲ. ಬಚ್ಚಲಿಗೆ ಹೋಗಿ ಬಂದರೆ ದಣಿಯುತ್ತಿದ್ದರು, ಕೂದಲು ಉದುರಿತು, ರಾತ್ರಿ ಬೆಚ್ಚಿ ಏಳುತ್ತಿದ್ದರು. ಅಡಿಕೆ ವ್ಯಾಪಾರದ ಲೆಕ್ಕ ಬಾಯಲ್ಲೇ ಹಾಕುತ್ತಿದ್ದವರು ಸಣ್ಣ ಕೂಡಿಸುವಿಕೆಗೂ ತಡವರಿಸಿ ಅತ್ತುಬಿಟ್ಟರು. ಸೆಪ್ಸಿಸ್ ದಾಟಿದ ಅನೇಕರಿಗೆ ಹೀಗಾಗುತ್ತದೆ. ಸೋಮಾರಿತನವೆಂದೋ ಮನಸ್ಸು ಕೆಟ್ಟಿತೆಂದೋ ಭಾವಿಸಬೇಡಿ. ದಿನಕ್ಕೆ ಹತ್ತು ಹೆಜ್ಜೆ ಹೆಚ್ಚು ನಡೆಸಿ, ಬೇಳೆ, ಮೊಟ್ಟೆ, ಮೀನು, ನಿಮ್ಮ ಮನೆಗೆ ಒಗ್ಗುವ ಪ್ರೋಟೀನ್ ಕೊಡಿ, ಮೂತ್ರಪಿಂಡದ ತೊಂದರೆ ಉಳಿದಿದ್ದರೆ ಎಷ್ಟು ಎಂದು ವೈದ್ಯರನ್ನು ಕೇಳಿ. ಆ್ಯಂಟಿಬಯೋಟಿಕ್ ಹೇಳಿದಷ್ಟು ದಿನ ಮುಗಿಸಿ. ಮೆಲಿಯಾಯ್ಡೋಸಿಸ್ ಆಗಿದ್ದರೆ ಮಾತ್ರೆ ತಿಂಗಳುಗಟ್ಟಲೆ ಇರುತ್ತದೆ, ನಡುವೆ ಬಿಟ್ಟರೆ ಮರುಕಳಿಸಬಹುದು. ಒಮ್ಮೆ ಸೆಪ್ಸಿಸ್ ಆದವರಿಗೆ ಮತ್ತೆ ಸೋಂಕು ತಗಲುವ ಸಾಧ್ಯತೆ ಹೆಚ್ಚು. ಡಿಸ್ಚಾರ್ಜ್ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಪಡಿತರ ಚೀಟಿಯ ಜೊತೆಗೇ ಇಡಿ. ಫ್ಲೂ, ನ್ಯುಮೋನಿಯಾ ಲಸಿಕೆಗಳ ಬಗ್ಗೆ ವಿಚಾರಿಸಿ.

ಗದ್ದೆ, ತೋಟಕ್ಕೆ ಇಳಿಯುವಾಗ ಗಂಬೂಟು ಹಾಕಿಸಿ. ಗಾಯವಾದರೆ ಹರಿಯುವ ಶುದ್ಧ ನೀರು, ಸಾಬೂನು, ಒಣ ಬಟ್ಟೆ. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಆರೋಗ್ಯ ಕೇಂದ್ರದಲ್ಲಿ ಕೇಳಿ. ಅದು ಧನುರ್ವಾಯುವನ್ನು ಮಾತ್ರ ತಡೆಯುತ್ತದೆ, "ಟಿಟಿ ಹಾಕಿಸಿದ್ದೇವೆ" ಎಂಬುದು ಸೆಪ್ಸಿಸ್‌ಗೆ ಉತ್ತರವಲ್ಲ.

ಈಗ ಚಿಕ್ಕಮ್ಮ ದೇವರಿಗೆ ದೀಪ ಹಚ್ಚಿದ ಮೇಲೆ ದಿನವೂ ಟಾರ್ಚ್ ಹಿಡಿದು ಚಿಕ್ಕಪ್ಪನ ಎರಡೂ ಅಂಗಾಲು, ಬೆರಳ ಸಂದುಗಳನ್ನು ನೋಡುತ್ತಾರೆ. ಮೊನ್ನೆ ಹಿಮ್ಮಡಿಯ ಬಿರುಕಿನ ಪಕ್ಕ ಕಡಲೆಕಾಳಿನಷ್ಟು ಕೆಂಪು ಕಂಡಿತಂತೆ. ರಾತ್ರಿ ಎಂಟಕ್ಕೆ ನನಗೆ ಫೋನ್ ಮಾಡಿ, ಉಸಿರು ಎಣಿಸಿದ್ದನ್ನೂ ಹೇಳಿದರು: 16. ಬೆಳಗಿನ ಮೊದಲ ಬಸ್ಸಿಗೆ ಇಬ್ಬರೂ ಪೇಟೆಗೆ ಹೋಗಿ ತೋರಿಸಿಕೊಂಡು ಬಂದರು.